ಪರರ ಕಾವಲು, ಪ್ರಜೆಗಳ ಕಂದಾಯ

ಕೊರಟಗೆರೆ ತಾಲೂಕಿನ ಚನ್ನರಾಯನದುರ್ಗದ ಬೆಟ್ಟವನ್ನು ಹತ್ತಿದವರಿಗೆ ಕುಸಿದ ಬುರುಜುಗಳೂ ಬಿರುಕು ಬಿಟ್ಟ ಕೋಟೆಯ ಗೋಡೆಗಳೂ ಕಾಣಸಿಗುತ್ತವೆ. ಒಂದು ಕಾಲದಲ್ಲಿ ಮಧುಗಿರಿಯ ಪಾಳೆಯಗಾರರಿಗೆ ಸೇರಿದ್ದ ಈ ದುರ್ಗ ಮೈಸೂರಿನವರ ಕೈಗೂ ಮರಾಠರ ಕೈಗೂ ಬದಲಾಯಿತು. ಹತ್ತಿರದ ಮಧುಗಿರಿಯ ಏಕಶಿಲಾ ಕೋಟೆ, ಮೊಗಲರ ಸುಬಾ ಕೇಂದ್ರವಾಗಿದ್ದ ಶಿರಾ, ಬಂಡೆಗಳ ನಡುವಿನ ಪಾವಗಡ, ಇವೆಲ್ಲವೂ ಇಂಥದೇ ಕತೆಯನ್ನು ಹೇಳುತ್ತವೆ. ರಜಾದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಈ ಕೋಟೆಗಳನ್ನು ತೋರಿಸುವ ನಾವು, ಇವು ಕಲ್ಲಿನ ಗೋಡೆಯ ದೌರ್ಬಲ್ಯದಿಂದ ಬಿದ್ದವೋ ಅಥವಾ ಬೇರಾವುದೋ ಕಾರಣದಿಂದ ಬಿದ್ದವೋ ಎಂದು ಯೋಚಿಸುವುದು ಕಡಿಮೆ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ದಾರಿಯಲ್ಲಿ ಆಂಧ್ರದ ನೆಲವನ್ನು ಹಾದು ಹೋಗುತ್ತದೆ ಎಂಬುದು ಈ ಭಾಗದ ಎಲ್ಲರಿಗೂ ಗೊತ್ತು. ಒಂದೇ ಜಿಲ್ಲೆಯ ಎರಡು ತಾಲೂಕುಗಳ ನಡುವೆ ಇನ್ನೊಂದು ರಾಜ್ಯ ಬಂದು ಕುಳಿತದ್ದು ಹೇಗೆ? ಪಾವಗಡವನ್ನು ಸುತ್ತುವರಿದಿರುವ ಹಳೆಯ ಅನಂತಪುರ ಸೀಮೆಯು 1799ರವರೆಗೆ ಟಿಪ್ಪು ಸುಲ್ತಾನರ ಆಡಳಿತದಲ್ಲಿತ್ತು. ಶ್ರೀರಂಗಪಟ್ಟಣದ ಪತನದ ಬಳಿಕ ನಡೆದ ಹಂಚಿಕೆಯಲ್ಲಿ ಅದು ಹೈದರಾಬಾದಿನ ನಿಜಾಮನ ಪಾಲಿಗೆ ಹೋಯಿತು. ಒಂದೇ ವರ್ಷದಲ್ಲಿ, ಅಂದರೆ 1800ರ ಅಕ್ಟೋಬರಿನಲ್ಲಿ, ನಿಜಾಮನು ಆ ಸೀಮೆಯನ್ನು ಬಳ್ಳಾರಿ, ಕಡಪಗಳ ಸಮೇತ ಈಸ್ಟ್ ಇಂಡಿಯಾ ಕಂಪೆನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟನು. ಅವನು ಅದನ್ನು ಯುದ್ಧದಲ್ಲಿ ಕಳೆದುಕೊಂಡದ್ದಲ್ಲ. ತನ್ನ ರಕ್ಷಣೆಗೆಂದು ಇರಿಸಿಕೊಂಡಿದ್ದ ಕಂಪೆನಿಯ ಪಲ್ಟನ್ನುಗಳ ಸಂಬಳಕ್ಕೆ ಬದಲಾಗಿ ಕೊಟ್ಟದ್ದು. ಆದ್ದರಿಂದಲೇ ಆ ನಾಡಿಗೆ 'ದತ್ತ ಮಂಡಲ' ಎಂಬ ಹೆಸರು ಬಂತು. ಕೊಟ್ಟ ನಾಡು ಎಂಬ ಆ ಹೆಸರಿನ ಅವಮಾನವನ್ನು ಸಹಿಸಲಾರದೆ ಅಲ್ಲಿಯ ಜನ 1928ರಲ್ಲಿ ಅದನ್ನು ರಾಯಲಸೀಮೆ ಎಂದು ಕರೆದುಕೊಂಡರು. ಕಾವಲುಗಾರನಿಗೆ ಕೂಲಿ ಕೊಡಲು ಮನೆಯ ಅರ್ಧ ಅಂಗಳವನ್ನೇ ಬರೆದುಕೊಟ್ಟ ಯಜಮಾನನ ಕತೆ ಇದು. ಇನ್ನೂರು ವರ್ಷಗಳ ಬಳಿಕವೂ ನಮ್ಮ ಬಸ್ಸು ಆ ಅಂಗಳವನ್ನು ದಾಟಿಯೇ ಹೋಗಬೇಕಾಗಿದೆ.

ಇಂದು ಜಗತ್ತಿನಾದ್ಯಂತ 'ಭದ್ರತಾ ನೆರವು' ಎಂಬ ಮಾತು ಕೇಳಿಬರುತ್ತಿದೆ. ಬಲಾಢ್ಯ ರಾಷ್ಟ್ರಗಳು ಕೊಡುವ ಶಸ್ತ್ರಾಸ್ತ್ರ, ಸೇನಾ ನೆಲೆ, ತರಬೇತಿ, ಸಾಲಗಳ ಕುರಿತು ಸಂಸತ್ತುಗಳಲ್ಲಿ ವಾಗ್ವಾದ ನಡೆಯುತ್ತದೆ. ಯುದ್ಧ ಸಾರುವ ಅಧಿಕಾರ ಒಬ್ಬ ಅಧ್ಯಕ್ಷನಿಗೋ ಜನಪ್ರತಿನಿಧಿಗಳಿಗೋ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಇದು ದೂರದ ದೇಶಗಳ ವಿಚಾರ, ನಮಗೇನು ಎಂದು ಭಾವಿಸುವವರು ಮೊದಲು ನಮ್ಮ ನಾಡಿನ ಚರಿತ್ರೆಯ ಪುಟಗಳನ್ನು ತೆರೆಯುವುದು ಒಳ್ಳೆಯದು.

1799ರ ಜುಲೈ 8ರಂದು ಕಂಪೆನಿಯು ಮೈಸೂರಿನೊಡನೆ ಮಾಡಿಕೊಂಡ ಒಪ್ಪಂದವನ್ನು ನೋಡಿ. ಸಿಂಹಾಸನದ ಮೇಲೆ ಕುಳಿತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಐದು ವರ್ಷ. ಮೈಸೂರಿನ ರಕ್ಷಣೆಗಾಗಿ ಕಂಪೆನಿಯ ಸೇನೆ ಇರತಕ್ಕದ್ದು, ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ತೆರತಕ್ಕದ್ದು ಎಂದು ಬರೆಯಲಾಯಿತು. ರಾಜ್ಯದ ಹಂಚಿಕೆಯ ಸಮಯದಲ್ಲಿ ಅಂದಾಜು ಮಾಡಿದ ಆದಾಯದ ಅರ್ಧಕ್ಕಿಂತಲೂ ಹೆಚ್ಚಿನ ಮೊತ್ತ ಅದು. ಯುದ್ಧ ಬಂದರೆ ಅದರ ಹೆಚ್ಚುವರಿ ವೆಚ್ಚದಲ್ಲಿಯೂ ಪಾಲು ಕೊಡಬೇಕಿತ್ತು. ಆದರೆ ಯುದ್ಧ ಬೇಕೇ ಬೇಡವೇ ಎಂದು ನಿರ್ಧರಿಸುವ ಹಕ್ಕು ಮೈಸೂರಿಗಿರಲಿಲ್ಲ. ಕಂಪೆನಿಯ ಅರಿವಿಗೆ ತಾರದೆ ಬೇರೆ ಯಾವ ರಾಜ್ಯದೊಂದಿಗೂ ಪತ್ರ ವ್ಯವಹಾರ ನಡೆಸುವಂತಿರಲಿಲ್ಲ. ಹಣ ಸಂದಾಯವಾಗುವುದು ಸಂಶಯವೆಂದು ಕಂಡುಬಂದರೆ ಆಡಳಿತವನ್ನೇ ವಶಪಡಿಸಿಕೊಳ್ಳುವ ಷರತ್ತೂ ಅದರಲ್ಲಿತ್ತು.

ಈ ಹಣ ಎಲ್ಲಿಂದ ಬರಬೇಕಿತ್ತು? ಶಿರಾ, ಮಧುಗಿರಿಯ ಕೆರೆಬಯಲಿನ ರೈತನಿಂದ, ರಾಗಿ ಬೆಳೆಯುವ ಹೊಲದಿಂದ, ಸಂತೆಗೆ ಬರುವ ಎತ್ತಿನ ಗಾಡಿಯ ಸುಂಕದಿಂದ. ಮಳೆ ಬಂದರೂ ಬಾರದಿದ್ದರೂ ಕಾವಲಿನ ಕೂಲಿ ನಿಲ್ಲುವಂತಿರಲಿಲ್ಲ. ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರದಿಂದ ನಿವೃತ್ತರಾದ ಬಳಿಕ, ಇಂತಿಷ್ಟು ಕಂದಾಯವನ್ನು ವಸೂಲು ಮಾಡಿಕೊಡುತ್ತೇನೆಂದು ಅಮಲ್ದಾರರು ಕರಾರು ಬರೆದುಕೊಡುವ 'ಶರತ್ತು' ಪದ್ಧತಿ ಬೆಳೆಯಿತು. ಕರಾರಿನ ಮೊತ್ತವನ್ನು ತುಂಬಿಸಲು ಅವರು ರೈತರನ್ನು ಹಿಂಡಿದರು. ಅರಮನೆಯ ದುಂದುವೆಚ್ಚವೂ ಇದಕ್ಕೆ ಸೇರಿಕೊಂಡಿತು ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಕೊನೆಗೆ 1830ರಲ್ಲಿ ನಗರ ಪ್ರಾಂತದ ರೈತರು ದಂಗೆಯೆದ್ದರು. ಆಗ ನಡೆದುದೇನು? ತಮ್ಮದೇ ಕಂದಾಯದಿಂದ ಸಾಕಲ್ಪಟ್ಟಿದ್ದ ಕಂಪೆನಿಯ ಸೇನೆಯು ಅದೇ ರೈತರ ಮೇಲೆ ಬಂತು. ದಂಗೆ ಅಡಗಿದ ಬಳಿಕ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅದೇ ಒಪ್ಪಂದದ ಷರತ್ತುಗಳನ್ನು ಮುಂದೊಡ್ಡಿ ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡನು. ಅರ್ಧ ಶತಮಾನ ಕಳೆದು 1881ರಲ್ಲಿ ಅಧಿಕಾರವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸುವಾಗ ಈ ವಾರ್ಷಿಕ ಹಣವನ್ನು 35 ಲಕ್ಷ ರೂಪಾಯಿಗೆ ಏರಿಸಲಾಯಿತು. 1876ರಿಂದ 78ರವರೆಗಿನ ಮಹಾ ಬರದಲ್ಲಿ ಮೈಸೂರಿನ ಸುಮಾರು ಐದನೆಯ ಒಂದು ಪಾಲು ಜನ ಸತ್ತಿದ್ದರಿಂದ, ಈ ಏರಿಕೆಯನ್ನು ಕೆಲವು ವರ್ಷಗಳ ಮಟ್ಟಿಗೆ ಮುಂದೂಡುವ ಕೃಪೆ ಮಾತ್ರ ದೊರೆಯಿತು.

ಈ ವ್ಯವಸ್ಥೆಯ ಕೆಡುಕನ್ನು ಅತ್ಯಂತ ಸ್ಪಷ್ಟವಾಗಿ ಗುರುತಿಸಿದವನು ಕಂಪೆನಿಯ ಅಧಿಕಾರಿಯೇ ಆಗಿದ್ದ ಥಾಮಸ್ ಮನ್ರೋ ಎಂಬುದು ವಿಪರ್ಯಾಸ. 1800ರಿಂದ 1807ರವರೆಗೆ ಇದೇ ದತ್ತ ಮಂಡಲದ ಕಲೆಕ್ಟರನಾಗಿದ್ದ ಆತ 1817ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸನಿಗೆ ಬರೆದ ಪತ್ರದಲ್ಲಿ ಈ ವಿಚಾರವನ್ನು ಎತ್ತಿದ್ದನು. ಕೆಟ್ಟ ಅರಸನನ್ನು ಇಳಿಸಲು ಅರಮನೆಯೊಳಗಿನ ಬದಲಾವಣೆ ಅಥವಾ ಪ್ರಜೆಗಳ ದಂಗೆ ಎಂಬ ಎರಡು ದಾರಿಗಳು ಈ ದೇಶದಲ್ಲಿದ್ದವು, ಅರಸನ ಬೆನ್ನಿಗೆ ಪರದೇಶದ ಸೇನೆ ನಿಂತ ಕ್ಷಣ ಎರಡೂ ಮುಚ್ಚಿಹೋಗುತ್ತವೆ, ಹೀಗಾಗಿ ಆ ಆಡಳಿತ ದುರ್ಬಲವೂ ಪೀಡಕವೂ ಆಗುತ್ತದೆ ಎಂಬುದು ಆತನ ಅಭಿಪ್ರಾಯದ ಸಾರ. ಹೊರಗಿನ ರಕ್ಷಣೆಯನ್ನು ಪಡೆದ ಅರಸನಿಗೆ ಪ್ರಜೆಗಳ ಅಂಜಿಕೆ ಉಳಿಯುವುದಿಲ್ಲ. ಪ್ರಜೆಗಳ ಅಂಜಿಕೆ ಇಲ್ಲದವನಿಗೆ ಅವರ ಮಾತನ್ನು ಕೇಳುವ ಅಗತ್ಯವೂ ಇರುವುದಿಲ್ಲ. ಭದ್ರತಾ ನೆರವಿಗೂ ಆಳುವವನ ಏಕಾಧಿಕಾರಕ್ಕೂ ಇರುವ ನಂಟು ಇದೇ.

ಇಲ್ಲಿ ನಾವು ಪ್ರಾಮಾಣಿಕರಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಟಿಪ್ಪು ಸುಲ್ತಾನರ ಶೌರ್ಯವನ್ನು ಕೊಂಡಾಡುವ ನಮ್ಮ ಸಮುದಾಯ, ಅವರೂ ಪರರ ನೆರವಿನ ಮೇಲೆ ಭರವಸೆಯಿಟ್ಟಿದ್ದರು ಎಂಬುದನ್ನು ಗಮನಿಸುವುದಿಲ್ಲ. ಅವರು ಫ್ರಾನ್ಸಿಗೂ ತುರ್ಕಿಗೂ ರಾಯಭಾರಿಗಳನ್ನು ಕಳುಹಿಸಿದರು. ಅಫ್ಘಾನಿಸ್ತಾನದ ಜಮಾನ್ ಷಾನಿಗೂ ಪತ್ರ ಬರೆದರು. ಮಾರಿಷಸ್ಸಿನ ಫ್ರೆಂಚ್ ಗವರ್ನರನು 1798ರ ಜನವರಿಯಲ್ಲಿ ಟಿಪ್ಪುವಿಗೆ ಸೈನಿಕರು ಬೇಕಾಗಿದ್ದಾರೆಂದು ಬಹಿರಂಗವಾಗಿ ಸಾರಿದನು. ಕೊನೆಗೆ ಮಂಗಳೂರಿಗೆ ಬಂದಿಳಿದವರು ನೂರು ಮಂದಿಯಷ್ಟೇ. ನೆರವು ಬರಲಿಲ್ಲ, ಆದರೆ ವೆಲ್ಲೆಸ್ಲಿಗೆ ಬೇಕಾಗಿದ್ದ ಯುದ್ಧದ ನೆಪ ಮಾತ್ರ ದೊರೆಯಿತು. ಇತ್ತ ನಿಜಾಮನೂ ಮರಾಠರೂ ನೆರೆಯವನ ಮೇಲಿನ ಹಗೆಯಿಂದ 1790ರ ಯುದ್ಧದಲ್ಲಿ ಕಂಪೆನಿಯ ಜೊತೆಗೂಡಿದರು. ಮೂರು ದಶಕ ತುಂಬುವುದರೊಳಗೆ ಪೇಶ್ವೆಯ ರಾಜ್ಯವೂ ಕಂಪೆನಿಯ ಹೊಟ್ಟೆ ಸೇರಿತು. ಇದರಲ್ಲಿ ಹಿಂದೂ ಅರಸ, ಮುಸ್ಲಿಮ್ ಅರಸ ಎಂಬ ಭೇದವಿಲ್ಲ. ಪರರ ಕತ್ತಿಯನ್ನು ನಂಬಿದವರೆಲ್ಲರಿಗೂ ಒಂದೇ ಗತಿ ಒದಗಿತು.

ಚರಿತ್ರೆಯಿಂದ ವರ್ತಮಾನಕ್ಕೆ ಬಂದರೆ ಹೆಸರುಗಳು ಮಾತ್ರ ಬದಲಾಗಿವೆ. ಪಾಕಿಸ್ತಾನವು 1954ರಲ್ಲಿ ಅಮೇರಿಕದೊಂದಿಗೆ ರಕ್ಷಣಾ ಒಪ್ಪಂದ ಮಾಡಿಕೊಂಡಿತು. ನೆರವಿನಿಂದ ಬಲಿತದ್ದು ಅಲ್ಲಿಯ ಸಂಸತ್ತಲ್ಲ, ಸೇನೆ. ನಾಲ್ಕೇ ವರ್ಷಗಳಲ್ಲಿ, 1958ರಲ್ಲಿ, ಜನರಲ್ ಅಯೂಬ್ ಖಾನ್ ಅಧಿಕಾರ ಕಸಿದುಕೊಂಡರು. ಆ ನಂತರ ಅಲ್ಲಿ ಪ್ರಜಾಪ್ರಭುತ್ವ ಎಷ್ಟು ಸಲ ಎದ್ದು ಎಷ್ಟು ಸಲ ಬಿದ್ದಿತೆಂಬುದು ಎಲ್ಲರಿಗೂ ತಿಳಿದಿದೆ. ಅಫ್ಘಾನಿಸ್ತಾನದ ಸೇನೆ, ಪೊಲೀಸರಿಗಾಗಿ ಅಮೇರಿಕವು ಎರಡು ದಶಕಗಳಲ್ಲಿ 80 ಶತಕೋಟಿಗೂ ಹೆಚ್ಚು ಡಾಲರ್ ಸುರಿಯಿತು. 2021ರ ಆಗಸ್ಟ್ 15ರಂದು ಕಾಬೂಲ್ ಒಂದೇ ದಿನದಲ್ಲಿ ಕೈಬದಲಾಯಿತು. ಜನರ ವಿಶ್ವಾಸದ ಮೇಲೆ ನಿಲ್ಲದ ಸೇನೆಗೆ ಬಂದೂಕುಗಳ ಎಣಿಕೆ ಆಧಾರವಾಗಲಿಲ್ಲ. ನಮ್ಮ ಅನೇಕ ಕುಟುಂಬಗಳ ಅನ್ನದ ದಾರಿಯಾದ ಕೊಲ್ಲಿ ರಾಷ್ಟ್ರಗಳದ್ದೂ ಇದೇ ಪಾಠ. ಪಶ್ಚಿಮ ಏಶ್ಯಾದಲ್ಲಿಯೇ ಅತಿ ದೊಡ್ಡ ಅಮೇರಿಕನ್ ನೆಲೆಯನ್ನು ತನ್ನ ನೆಲದಲ್ಲಿರಿಸಿಕೊಂಡ ಕತರ್‌ನ ರಾಜಧಾನಿ ದೋಹಾದ ಮೇಲೆ 2025ರ ಸೆಪ್ಟೆಂಬರ್ 9ರಂದು ಇಸ್ರೇಲ್ ಬಾಂಬ್ ಹಾಕಿದಾಗ, ಆ ನೆಲೆ ದಾಳಿಯನ್ನು ತಡೆಯಲಿಲ್ಲ.

ನೆರವು ಪಡೆಯುವವರ ಸ್ಥಿತಿ ಹೀಗಾದರೆ ಕೊಡುವವರ ಮನೆಯೂ ನೆಟ್ಟಗಿಲ್ಲ. ಯುದ್ಧ ಸಾರುವ ಅಧಿಕಾರವನ್ನು ಅಮೇರಿಕದ ಸಂವಿಧಾನವು ಅಧ್ಯಕ್ಷನಿಗೆ ಕೊಟ್ಟಿಲ್ಲ, ಕಾಂಗ್ರೆಸ್ಸಿಗೆ ಕೊಟ್ಟಿದೆ. ವಿಯೆಟ್ನಾಮಿನ ಪೆಟ್ಟು ತಿಂದ ಮೇಲೆ 1973ರಲ್ಲಿ ಒಂದು ಕಾನೂನನ್ನೂ ತರಲಾಯಿತು. ಸೇನೆಯನ್ನು ಕಾಳಗಕ್ಕಿಳಿಸಿದ 48 ಗಂಟೆಗಳೊಳಗೆ ಅಧ್ಯಕ್ಷನು ಕಾಂಗ್ರೆಸ್ಸಿಗೆ ತಿಳಿಸಬೇಕು, ಅನುಮತಿ ಇಲ್ಲದಿದ್ದರೆ 60 ದಿನಗಳ ಬಳಿಕ ಹಿಂದೆಗೆಯಲು ತೊಡಗಬೇಕು ಎಂಬುದು ಅದರ ತಿರುಳು. ಆದರೆ 2001ರ ಸೆಪ್ಟೆಂಬರ್ 11ರ ದಾಳಿಯ ಕೆಲವೇ ದಿನಗಳಲ್ಲಿ, ಆಕ್ರೋಶದ ಬಿಸಿಯಲ್ಲಿ, ಅಧ್ಯಕ್ಷನಿಗೆ ಬಲಪ್ರಯೋಗದ ಮುಕ್ತ ಅನುಮತಿಯನ್ನು ನೀಡಲಾಯಿತು. ಕೆಳಮನೆಯಲ್ಲಿ 420 ಮಂದಿ ಪರವಾಗಿ ಕೈಯೆತ್ತಿದರೆ ವಿರೋಧಿಸಿದ್ದು ಬಾರ್ಬರಾ ಲೀ ಎಂಬ ಒಬ್ಬ ಮಹಿಳೆ ಮಾತ್ರ. ಆಕೆಯನ್ನು ದೇಶದ್ರೋಹಿ ಎಂದು ಜರೆಯಲಾಯಿತು, ಕೊಲೆಯ ಬೆದರಿಕೆಗಳು ಬಂದವು. ಅಂದು ಕೊಟ್ಟ ಅನುಮತಿಯನ್ನು ಅಧ್ಯಕ್ಷರ ಮೇಲೆ ಅಧ್ಯಕ್ಷರು ಯೆಮನ್, ಸೊಮಾಲಿಯಾಗಳವರೆಗೂ ಎಳೆದರು. ಆಕೆಯ ಎಚ್ಚರಿಕೆ ಎಷ್ಟು ನಿಜವಾಗಿತ್ತೆಂದು ಆನಂತರ ಅನೇಕರಿಗೆ ಅರಿವಾಯಿತು. ಗಾಝಾದಲ್ಲಿ ಮಕ್ಕಳ ಹೆಣಗಳು ಉರುಳುತ್ತಿದ್ದ 2023ರ ಡಿಸೆಂಬರಿನಲ್ಲಿ ಅಮೇರಿಕದ ಸರಕಾರವು 'ತುರ್ತು' ಎಂಬ ನೆಪದಲ್ಲಿ ಎರಡು ಸಲ ಕಾಂಗ್ರೆಸ್ಸಿನ ಪರಿಶೀಲನೆಯನ್ನು ಬದಿಗೊತ್ತಿ ಇಸ್ರೇಲಿಗೆ ಮದ್ದುಗುಂಡು ಮಾರಿತು. 2025ರ ಜೂನ್ 22ರಂದು ಇರಾನಿನ ಅಣುಕೇಂದ್ರಗಳ ಮೇಲೆ ಬಾಂಬ್ ಹಾಕುವಾಗಲೂ ಕಾಂಗ್ರೆಸ್ಸಿನ ಅನುಮತಿಯನ್ನು ಪಡೆಯಲಿಲ್ಲ. ಬಳಿಕ ಅಧ್ಯಕ್ಷರ ಕೈ ಕಟ್ಟಲು ಸೆನೆಟಿನಲ್ಲಿ ತಂದ ನಿರ್ಣಯವು 47–53 ಮತಗಳಿಂದ ಬಿದ್ದುಹೋಯಿತು.

ಹಾಗಾದರೆ ನಮ್ಮ ದೇಶದ ಸ್ಥಿತಿ ಏನು? ಯುದ್ಧ, ಶಾಂತಿ ಮತ್ತು ವಿದೇಶಿ ಒಪ್ಪಂದಗಳು ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅಥವಾ ಸೇನೆಯನ್ನು ಕಳುಹಿಸುವ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ಕಟ್ಟುಪಾಡು ನಮ್ಮಲ್ಲಿಲ್ಲ. ತುರ್ತು ಪರಿಸ್ಥಿತಿಯ ಕಹಿಯನ್ನುಂಡ ನಾವು 1978ರ 44ನೇ ತಿದ್ದುಪಡಿಯ ಮೂಲಕ, ಅಂಥ ಘೋಷಣೆಗೆ ಮಂತ್ರಿಮಂಡಲದ ಲಿಖಿತ ಸಲಹೆ ಮತ್ತು ಒಂದು ತಿಂಗಳೊಳಗೆ ಉಭಯ ಸದನಗಳ ಅನುಮೋದನೆ ಬೇಕೆಂದು ಗೊತ್ತುಪಡಿಸಿಕೊಂಡೆವು. ಆದರೆ ಹೊರದೇಶದ ನೆಲಕ್ಕೆ ನಮ್ಮ ಯೋಧರನ್ನು ಕಳುಹಿಸುವುದಕ್ಕೆ ಇಷ್ಟು ಕೂಡ ಬೇಕಾಗಿಲ್ಲ. 1962ರಲ್ಲಿ ಚೀನಾದೊಂದಿಗೆ ಯುದ್ಧ ನಡೆಯುತ್ತಿರುವಾಗಲೇ ನೆಹರೂ ಸಂಸತ್ತಿನ ಅಧಿವೇಶನವನ್ನು ಕರೆದು ಟೀಕೆಗಳನ್ನು ಆಲಿಸಿದ್ದು ಶ್ಲಾಘನೀಯ. ಆದರೆ ಅದೇ ನವೆಂಬರ್ 19ರಂದು ಅಮೇರಿಕದ ಯುದ್ಧವಿಮಾನಗಳ 12 ತುಕಡಿಗಳನ್ನು ಕಳುಹಿಸಿಕೊಡುವಂತೆ ಅವರು ಅಧ್ಯಕ್ಷ ಕೆನೆಡಿಗೆ ಪತ್ರ ಬರೆದದ್ದು ಸಂಸತ್ತಿಗೆ ತಿಳಿದಿರಲಿಲ್ಲ. ಅದರ ಪೂರ್ಣ ಪಾಠ ಬೆಳಕಿಗೆ ಬರಲು ದಶಕಗಳೇ ಬೇಕಾದವು.

1987ರ ಜುಲೈನಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆಯವರ ಒಪ್ಪಂದದಂತೆ ನಮ್ಮ ಸೇನೆ ಶ್ರೀಲಂಕಾಕ್ಕೆ ಹೋಯಿತು. ಶಾಂತಿಪಾಲನೆಗೆಂದು ಹೋದವರು ಕೆಲವೇ ತಿಂಗಳುಗಳಲ್ಲಿ ಯುದ್ಧದಲ್ಲಿ ಸಿಲುಕಿದರು. ಕರೆದ ದೇಶದ ಮುಂದಿನ ಅಧ್ಯಕ್ಷರೇ ಹೊರಟುಹೋಗಿ ಎಂದರು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮರಳುವಾಗ ಸಾವಿರಕ್ಕೂ ಹೆಚ್ಚು ಯೋಧರು ಪ್ರಾಣ ತೆತ್ತಿದ್ದರು. ಇಲ್ಲಿ ನೆರವು ಕೊಟ್ಟ ದೇಶ ನಮ್ಮದೇ. ನೆರವು ಕೊಡುವ ಕೈ ನಮ್ಮದಾದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಸಂಸತ್ತಿನಲ್ಲಿ ಮೊದಲೇ ಚರ್ಚೆ ನಡೆದಿದ್ದರೆ, ಯಾಕೆ ಹೋಗಬೇಕು, ಎಷ್ಟು ಕಾಲ ಇರಬೇಕು, ಯಾರೊಡನೆ ಹೋರಾಡಬೇಕು ಎಂಬ ಪ್ರಶ್ನೆಗಳನ್ನಾದರೂ ಯಾರಾದರೂ ಕೇಳುತ್ತಿದ್ದರು.

ಹೀಗೆಂದು ಚರ್ಚೆಯಿಂದ ಏನೂ ಆಗದು ಎಂದು ಕೈಚೆಲ್ಲಬೇಕಾಗಿಲ್ಲ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧಕ್ಕೆ ಹೋಗುವ ಅಮೇರಿಕದ ವಿಮಾನಗಳು ನಮ್ಮ ನಿಲ್ದಾಣಗಳಲ್ಲಿ ಇಂಧನ ತುಂಬಿಸಿಕೊಳ್ಳಲು ಚಂದ್ರಶೇಖರ್ ಸರಕಾರ ಅವಕಾಶ ಕೊಟ್ಟಿತು. ವಿಷಯ ಹೊರಬಿದ್ದಾಗ ಸರಕಾರವನ್ನು ಹೊರಗಿನಿಂದ ಬೆಂಬಲಿಸುತ್ತಿದ್ದ ಕಾಂಗ್ರೆಸ್ ಸಹಿತ ಅನೇಕ ಪಕ್ಷಗಳು ವಿರೋಧಿಸಿದವು. ಫೆಬ್ರವರಿಯಲ್ಲಿ ಆ ಸೌಲಭ್ಯವನ್ನು ನಿಲ್ಲಿಸಬೇಕಾಯಿತು. 2003ರ ಏಪ್ರಿಲಿನಲ್ಲಿ ಇರಾಕಿನ ಮೇಲಿನ ದಾಳಿಯನ್ನು ಖಂಡಿಸಿ ಲೋಕಸಭೆ ಸರ್ವಾನುಮತದ ನಿರ್ಣಯ ಸ್ವೀಕರಿಸಿತು. ಇರಾಕಿಗೆ ಭಾರತದ ಸೈನಿಕರನ್ನು ಕಳುಹಿಸುವಂತೆ ಅಮೇರಿಕ ಒತ್ತಡ ಹೇರುತ್ತಿದ್ದ ಆ ದಿನಗಳಲ್ಲಿ ಸರಕಾರದೊಳಗೇ ಅದರ ಪರವಾದ ಧ್ವನಿಗಳಿದ್ದವು. ದೇಶದಲ್ಲಿ ಎದ್ದ ಚರ್ಚೆಯ ನಡುವೆ ವಾಜಪೇಯಿ ಸರಕಾರವು ಜುಲೈ 14ರಂದು ಆ ಬೇಡಿಕೆಯನ್ನು ಒಪ್ಪಲಿಲ್ಲ. ಆ ನಿರ್ಧಾರದಿಂದ ಎಷ್ಟು ತಾಯಂದಿರ ಮಕ್ಕಳು ಉಳಿದರೆಂದು ಲೆಕ್ಕ ಹಾಕಲು ಸಾಧ್ಯವಿಲ್ಲ. ಜನ ಕೇಳಿದರು, ವಿರೋಧ ಪಕ್ಷಗಳು ಕೇಳಿದವು, ಆಳುವವರೂ ಕಿವಿಗೊಟ್ಟರು. ಪ್ರಜಾಪ್ರಭುತ್ವ ಎಂದರೆ ಇದುವೇ.

ಈ ಕೇಳುವ ಹಕ್ಕು ಈಗ ಕುಗ್ಗುತ್ತಿದೆ ಎಂಬುದೇ ನಮ್ಮ ಆತಂಕ. 2016ರಲ್ಲಿ ಅಮೇರಿಕದೊಂದಿಗೆ ಸೇನಾ ಸರಬರಾಜು ವಿನಿಮಯದ ಒಪ್ಪಂದಕ್ಕೆ ಸಹಿ ಬಿತ್ತು. 2018 ಮತ್ತು 2020ರಲ್ಲಿ ಇನ್ನೆರಡು ಒಪ್ಪಂದಗಳು ಬಂದವು. ಇವು ಒಳ್ಳೆಯವೋ ಕೆಟ್ಟವೋ ಎಂಬುದು ಬೇರೆ ಮಾತು. ದೇಶದ ಸುರಕ್ಷತೆಗೆ ಮಿತ್ರರು ಬೇಕು, ಆಯುಧಗಳೂ ಬೇಕು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವುಗಳನ್ನು ಸಂಸತ್ತಿನ ಅನುಮೋದನೆಗೆ ಇಡಲಾಗಲಿಲ್ಲ ಎಂಬುದು ಚಿಂತಿಸಬೇಕಾದ ವಿಷಯ. ಭದ್ರತೆಯ ವಿಷಯದಲ್ಲಿ ಪ್ರಶ್ನಿಸುವವರನ್ನು ದೇಶದ್ರೋಹಿಗಳೆಂದು ಬಾಯಿ ಮುಚ್ಚಿಸುವ ಚಾಳಿಯಂತೂ ದಿನದಿಂದ ದಿನಕ್ಕೆ ಬಲಿಯುತ್ತಿದೆ. ಪ್ರಶ್ನಿಸುವವನು ಮುಸ್ಲಿಮನಾದರೆ ಕೇಳುವುದೇ ಬೇಡ. ಯುದ್ಧಕ್ಕೆ ಹೋಗುವ ಯೋಧ ರೈತನ ಮಗ, ಯುದ್ಧಕ್ಕೆ ಹಣ ಕೊಡುವವನು ತೆರಿಗೆದಾರ. ಇವರಿಬ್ಬರಿಗೂ ಲೆಕ್ಕ ಕೇಳುವ ಹಕ್ಕಿಲ್ಲವೆಂದಾದರೆ 1799ರ ಮೈಸೂರಿನ ರೈತನಿಗೂ ಇಂದಿನ ಮತದಾರನಿಗೂ ಇರುವ ವ್ಯತ್ಯಾಸವೇನು?

ಆಳುವವರಿಗೆ ಬುದ್ಧಿ ಹೇಳುವ ನಾವು ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಡವೇ? ಎಲ್ಲೋ ಯುದ್ಧ ಶುರುವಾದ ಕೂಡಲೇ ನಮ್ಮ ಯುವಕರ ಮೊಬೈಲುಗಳಲ್ಲಿ ಕ್ಷಿಪಣಿಗಳ ವೀಡಿಯೋಗಳು ಹರಿದಾಡುತ್ತವೆ. ಯಾರು ಗೆದ್ದರು, ಯಾರು ಸೋತರು ಎಂಬ ಚರ್ಚೆ ಕ್ರಿಕೆಟ್ ಪಂದ್ಯದಂತೆ ನಡೆಯುತ್ತದೆ. ಸತ್ತವರ ಎಣಿಕೆ ಅಂಕಪಟ್ಟಿಯಾಗುತ್ತದೆ. ಯಾವ ಕಡೆಯ ಮಗು ಸತ್ತರೂ ಅದು ಮಗುವೇ ಎಂಬ ಮಾತು ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ಇದು ನಮಗೆ ಶೋಭೆಯಲ್ಲ.

ಇನ್ನೂ ಹತ್ತಿರದ ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ಪಟ್ಟಣಗಳ ಎಷ್ಟೋ ಜಮಾಅತ್ ಕಮಿಟಿಗಳಲ್ಲಿ ಲೆಕ್ಕಪತ್ರದ ಬಗ್ಗೆಯೋ ಅಧಿಕಾರದ ಬಗ್ಗೆಯೋ ಭಿನ್ನಾಭಿಪ್ರಾಯ ಬಂದಾಗ ನಾವು ಮಾಡುವುದೇನು? ಎಲ್ಲರೂ ಕುಳಿತು ಮಾತನಾಡಿ ಬಗೆಹರಿಸುವ ಬದಲು ಒಂದು ಬಣ ಒಬ್ಬ ರಾಜಕಾರಣಿಯ ಬಳಿಗೆ, ಇನ್ನೊಂದು ಬಣ ಮತ್ತೊಬ್ಬನ ಬಳಿಗೆ ಓಡುತ್ತದೆ. ಬಂದವನು ಒಂದು ಬಣವನ್ನು ಗೆಲ್ಲಿಸುತ್ತಾನೆ. ಆ ದಿನದಿಂದ ಮದರಸದ ನೇಮಕಾತಿಯಿಂದ ಹಿಡಿದು ಚುನಾವಣೆಯ ಮತದವರೆಗೆ ಅವನ ಮಾತೇ ನಡೆಯುತ್ತದೆ. ಗೆದ್ದ ಬಣಕ್ಕೆ ಜಮಾಅತಿನ ಅಂಜಿಕೆ ಇರುವುದಿಲ್ಲ, ಲೆಕ್ಕ ಕೇಳಿದವನು ಮೂಲೆಗುಂಪಾಗುತ್ತಾನೆ. ನಿಜಾಮನು ಸೀಮೆಯನ್ನು ಬರೆದುಕೊಟ್ಟದ್ದಕ್ಕೂ ಇದಕ್ಕೂ ಅಳತೆಯಲ್ಲಿ ಮಾತ್ರ ವ್ಯತ್ಯಾಸ. ಸಮಾಲೋಚನೆಯನ್ನು ಧರ್ಮದ ಆದೇಶವೆಂದು ನಂಬಿದ ಸಮುದಾಯ ತನ್ನ ಮೊಹಲ್ಲಾದಲ್ಲಿಯೇ ಅದನ್ನು ಪಾಲಿಸದೆ, ದೇಶದ ಪ್ರಧಾನಿ ಸಂಸತ್ತಿನೊಡನೆ ಸಮಾಲೋಚಿಸಲಿಲ್ಲವೆಂದು ದೂರುವುದು ಯಾವ ನ್ಯಾಯ?

ಆದ್ದರಿಂದ ನಮ್ಮ ನಿಲುವು ಸ್ಪಷ್ಟ. ದೇಶದ ಹೊರಗೆ ಸೇನೆಯನ್ನು ಕಳುಹಿಸುವುದಾಗಲಿ, ಪರದೇಶದ ಸೇನೆಗೆ ನಮ್ಮ ನೆಲದಲ್ಲಿ ಸೌಲಭ್ಯ ಕೊಡುವುದಾಗಲಿ, ಸಂಸತ್ತಿನ ಅನುಮೋದನೆಯಿಲ್ಲದೆ ಆಗಕೂಡದೆಂಬ ಕಾನೂನು ಬರಬೇಕು. ಹಠಾತ್ ಆಕ್ರಮಣವಾದಾಗ ಸರಕಾರ ತಕ್ಷಣ ಕ್ರಮ ಕೈಗೊಳ್ಳಲಿ. ಆದರೆ ತುರ್ತು ಪರಿಸ್ಥಿತಿಯ ಘೋಷಣೆಗೆ ಇರುವಂತೆ ಒಂದು ತಿಂಗಳೊಳಗೆ ಜನಪ್ರತಿನಿಧಿಗಳ ಮುಂದೆ ಬಂದು ಲೆಕ್ಕ ಕೊಡಲಿ. ಮತ ಕೇಳಲು ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯೊಡನೆ ನಾವು ಚರಂಡಿ, ಬೀದಿದೀಪಗಳ ಜೊತೆಗೆ ಈ ಪ್ರಶ್ನೆಯನ್ನೂ ಕೇಳೋಣ. ದೇಶ ಯಾರ ಯುದ್ಧದಲ್ಲಿ ಪಾಲ್ಗೊಳ್ಳಬೇಕು, ಅದನ್ನು ಯಾರು ನಿರ್ಧರಿಸಬೇಕು, ನೀವು ಸದನದಲ್ಲಿ ಬಾಯಿ ತೆರೆಯುವಿರಾ ಎಂದು ಕೇಳುವುದು ದೇಶದ್ರೋಹವಲ್ಲ, ಪೌರನ ಕರ್ತವ್ಯ.

ಚನ್ನರಾಯನದುರ್ಗದ ಗೋಡೆಗಳನ್ನು ಕಟ್ಟಿದವರು ಕಲ್ಲನ್ನು ನಂಬಿದ್ದರು, ನಿಜಾಮನು ಕಂಪೆನಿಯ ಪಲ್ಟನ್ನನ್ನು ನಂಬಿದ್ದನು. ಎರಡೂ ಉಳಿಯಲಿಲ್ಲ. ಮುಂದಿನ ಸಲ ಮಕ್ಕಳೊಂದಿಗೆ ಆ ಬೆಟ್ಟ ಹತ್ತುವಾಗ, ಈ ಕೋಟೆಯ ಕಾವಲಿಗೆ ಕಂದಾಯ ಕೊಟ್ಟವನ ಮಾತನ್ನು ಯಾರಾದರೂ ಕೇಳಿದ್ದರೇ ಎಂದು ಅವರಿಗೆ ವಿಚಾರಿಸಲು ಕಲಿಸೋಣ. ಆ ಪ್ರಶ್ನೆ ಕೇಳಲು ಬಲ್ಲ ಪ್ರಜೆಗಳಿರುವ ದೇಶವನ್ನು ಯಾರೂ ಸುಲಭವಾಗಿ ಬರೆಸಿಕೊಳ್ಳಲಾರರು.